ಮಕ್ಕಳು ಅರವತ್ತನಾಲ್ಕು, ಬೀಗಗಳು ಇಪ್ಪತ್ತೆರಡು

ಮುಂಬಯಿಯ ಕನ್ನಡ ಶಾಲೆಗಳ ಕುರಿತು ಸಭೆ ಕರೆದಾಗ ಮಾತನಾಡಲು ಬರುವವರು ಸಾಮಾನ್ಯವಾಗಿ ಸಾಹಿತಿಗಳು, ನಿವೃತ್ತ ಮುಖ್ಯಾಧ್ಯಾಪಕರು ಅಥವಾ ಸಂಸ್ಥೆಯ ಪದಾಧಿಕಾರಿಗಳು. ನಾನು ಈ ಮೂರು ಗುಂಪಿಗೂ ಸೇರಿದವನಲ್ಲ. 1988ರಲ್ಲಿ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಗೆ ಕಿರಿಯ ಗುಮಾಸ್ತನಾಗಿ ಸೇರಿ, 2022ರಲ್ಲಿ ಅಲ್ಲಿಂದಲೇ ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದವನು. ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಪಿರಿಯಡ್ ಕೂಡ ಪಾಠ ಮಾಡಿದವನಲ್ಲ. ಆದರೆ ಆ ಅವಧಿಯಲ್ಲಿ ಶಾಲೆ ಬಿಟ್ಟುಹೋದ ಹುಡುಗರ ಎಲ್.ಸಿ.ಗಳಲ್ಲಿ, ಎಂದರೆ ಶಾಲೆ ಬಿಟ್ಟ ಪ್ರಮಾಣಪತ್ರಗಳಲ್ಲಿ, ಹೆಚ್ಚಿನವು ನನ್ನ ಕೈಬರಹದಲ್ಲಿವೆ, ಇಲ್ಲಿ ಕುಳಿತವರಲ್ಲಿ ಕೆಲವರ ಕಪಾಟಿನಲ್ಲೂ ಅವು ಇರಬಹುದು. ಶಾಲೆಯಲ್ಲಿ ಪಾಠ ಮಾಡದೆಯೇ ಸಂಬಳ ಪಡೆಯುವ ನಮ್ಮಂಥವರಿಗೆ ಸರಕಾರಿ ಭಾಷೆಯಲ್ಲಿ ‘ಶಿಕ್ಷಕೇತರ ಸಿಬ್ಬಂದಿ’ ಎನ್ನುತ್ತಾರೆ. ಯಾರು ಎಂದು ಹೇಳುವ ಬದಲು ಯಾರಲ್ಲ ಎಂದು ಹೇಳುವ ಹೆಸರು ಅದು. ಇಂದು ಆ ‘ಇತರ’ರ ಕೆಲಸದ ಲೆಕ್ಕವನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ನಮ್ಮ ಶಾಲೆಯ ಒಂದು ಬೆಳಿಗ್ಗೆಯನ್ನು ನೋಡೋಣ. ನಮ್ಮ ಸಿಪಾಯಿ ಠಾಣೆಯ ಆಚೆಯ ಕಳವಾ ಎಂಬ ಊರಿನಿಂದ ಬರುತ್ತಿದ್ದರು. ಏಳು ಗಂಟೆಗೆ ಪ್ರಾರ್ಥನೆ, ಆದ್ದರಿಂದ ಆರಕ್ಕೆ ಮುಂಚೆ ಗೇಟು ತೆರೆಯಬೇಕು. ಗೇಟು ತೆರೆದ ಕೂಡಲೇ ಪಂಪು ಹಾಕಬೇಕು, ಏಕೆಂದರೆ ನಗರಪಾಲಿಕೆಯ ನೀರು ನಮ್ಮ ಓಣಿಗೆ ಬರುವುದೇ ಆ ಹೊತ್ತಿಗೆ. ಅದು ತಪ್ಪಿದರೆ ಮಹಡಿಯ ಮೇಲಿನ ಟಾಕಿ ತುಂಬುವುದಿಲ್ಲ, ಟಾಕಿ ತುಂಬದಿದ್ದರೆ ಹತ್ತು ಗಂಟೆಯ ಹೊತ್ತಿಗೆ ಹುಡುಗಿಯರ ಶೌಚಾಲಯಕ್ಕೆ ಬೀಗ ಹಾಕಬೇಕಾಗುತ್ತದೆ. ಪಂಪು ಓಡುತ್ತಿರುವಾಗಲೇ ಬೀಗಗಳು. ತರಗತಿ ಕೋಣೆಗಳು ಹದಿನಾಲ್ಕು, ಜೊತೆಗೆ ಪ್ರಯೋಗಶಾಲೆ, ಗ್ರಂಥಾಲಯ, ಕಚೇರಿ, ಸ್ಟಾಫ್‌ರೂಮು, ದಾಸ್ತಾನು ಕೋಣೆ ಇತ್ಯಾದಿ ಸೇರಿ ಒಟ್ಟು ಇಪ್ಪತ್ತೆರಡು ಬೀಗ.

ನಾನು ಸೇರಿದಾಗ ಆ ಹದಿನಾಲ್ಕೂ ಕೋಣೆಗಳು ತುಂಬಿದ್ದವು, ಮಕ್ಕಳ ಸಂಖ್ಯೆ ಸಾವಿರದ ನೂರರ ಆಸುಪಾಸಿನಲ್ಲಿತ್ತು. ಮೂವರು ಗುಮಾಸ್ತರು, ಆರು ಮಂದಿ ಸಿಪಾಯಿಗಳು, ಒಬ್ಬ ಲ್ಯಾಬ್ ಅಟೆಂಡೆಂಟ್, ಒಬ್ಬ ಗ್ರಂಥಪಾಲಕ ಇದ್ದರು. ನಿವೃತ್ತನಾದಾಗ ಐದರಿಂದ ಹತ್ತನೆಯ ತರಗತಿವರೆಗೆ ಒಟ್ಟು ಅರವತ್ತನಾಲ್ಕು ಮಕ್ಕಳಿದ್ದರು; ಒಬ್ಬ ಸಿಪಾಯಿ, ಸ್ವಚ್ಛತೆಗೆಂದು ಸಂಸ್ಥೆಯೇ ಇಟ್ಟುಕೊಂಡಿದ್ದ ಒಬ್ಬ ಮಾವ್ಶಿ (ಇಲ್ಲಿ ಕೆಲಸದಾಕೆಯನ್ನು ಕರೆಯುವುದು ಹಾಗೆ), ಮತ್ತು ನಾನು. ಲೆಕ್ಕ ಸರಿಯಾಗಿದೆಯಲ್ಲ, ಮಕ್ಕಳು ಕಡಿಮೆಯಾದಂತೆ ಸಿಬ್ಬಂದಿಯೂ ಕಡಿಮೆ ಎಂದು ತಮಗೆ ಅನಿಸಬಹುದು. ಮಂಜೂರಾತಿ ನೀಡುವವರಿಗೂ ಹಾಗೆಯೇ ಅನಿಸುತ್ತದೆ. ಆದರೆ ಬೀಗಗಳು ಇಪ್ಪತ್ತೆರಡೇ ಉಳಿದವು. ಖಾಲಿ ಬಿದ್ದ ಎಂಟು ಕೋಣೆಗಳನ್ನು ಮುಚ್ಚಿಯೇ ಇಡಬಹುದಲ್ಲ ಎಂದು ಒಬ್ಬ ತಪಾಸಣಾ ಅಧಿಕಾರಿ ನನ್ನನ್ನು ಕೇಳಿದ್ದುಂಟು. ಮುಚ್ಚಿಟ್ಟು ನೋಡಿದ್ದೆವು. ಒಡೆದ ಗಾಜಿನ ಸಂದಿಯಿಂದ ಪಾರಿವಾಳಗಳು ಒಳಹೊಕ್ಕು ಮೂರು ವಾರಗಳಲ್ಲಿ ಬೆಂಚುಗಳ ಮೇಲೆ ಬೆರಳುದ್ದ ಹೊಲಸು ಸೇರಿತು. ಮಳೆಗಾಲ ಮುಗಿದು ತೆರೆದಾಗ ಒಂದು ಕೋಣೆಯ ಬಾಗಿಲಿನ ಚೌಕಟ್ಟನ್ನೇ ಗೆದ್ದಲು ತಿಂದಿತ್ತು. ಕಟ್ಟಡಕ್ಕೆ ಒಳಗೆ ಎಷ್ಟು ಮಕ್ಕಳಿದ್ದಾರೆ ಎಂಬುದು ತಿಳಿಯುವುದಿಲ್ಲ.

ಕಚೇರಿಯ ಕೆಲಸಕ್ಕೂ ಅದು ತಿಳಿಯುವುದಿಲ್ಲ. ಸಾವಿರ ಮಕ್ಕಳ ಶಾಲೆ ಎಷ್ಟು ಬಗೆಯ ರಿಜಿಸ್ಟರುಗಳನ್ನು ಇಡಬೇಕೋ ಅರವತ್ತು ಮಕ್ಕಳ ಶಾಲೆಯೂ ಅಷ್ಟೇ ಬಗೆಯವನ್ನು ಇಡಬೇಕು: ಜನರಲ್ ರಿಜಿಸ್ಟರ್ (ಶಾಲೆಗೆ ಸೇರಿದ ಪ್ರತಿ ಮಗುವಿನ ದಾಖಲೆ), ಸಿಬ್ಬಂದಿಯ ಮಸ್ಟರ್ (ಹಾಜರಿ ಪುಸ್ತಕ), ಕ್ಯಾಶ್‌ಬುಕ್, ಡೆಡ್‌ಸ್ಟಾಕ್ (ಶಾಲೆಯ ಸಾಮಾನುಗಳ ಪಟ್ಟಿ), ಆವಕ-ಜಾವಕ (ಬಂದ-ಹೋದ ಪತ್ರಗಳ ದಾಖಲೆ), ಸೇವಾಪುಸ್ತಕಗಳು. ಅದರ ಮೇಲೆ ಪೋರ್ಟಲ್‌ಗಳು. ಶಾಲೆಯ ಸಮಗ್ರ ಮಾಹಿತಿಗೆ ಯುಡೈಸ್ ಪ್ಲಸ್, ವಿದ್ಯಾರ್ಥಿಗಳ ಮಾಹಿತಿಗೆ ರಾಜ್ಯದ ಸರಲ್, ವೇತನಕ್ಕೆ ಶಾಲಾರ್ಥ, ಮಧ್ಯಾಹ್ನದ ಊಟದ ನಿತ್ಯದ ಸಂಖ್ಯೆಗೆ ಒಂದು, ಹತ್ತನೆಯ ತರಗತಿಗೆ ಮಂಡಳಿಯದು ಒಂದು, ಇತ್ತೀಚೆಗೆ ಪ್ರತಿ ವಿದ್ಯಾರ್ಥಿಯ ಗುರುತಿನ ಸಂಖ್ಯೆಯಾದ ಅಪಾರ್ ಐಡಿ. ಒಂದರಲ್ಲಿ ತುಂಬಿದ ಮಾಹಿತಿ ಮತ್ತೊಂದಕ್ಕೆ ತಾನಾಗಿ ಹೋಗುವುದೆಂದು ಪ್ರತಿ ತರಬೇತಿಯಲ್ಲೂ ಹೇಳುತ್ತಿದ್ದರು. ನನ್ನ ಸೇವಾವಧಿಯಲ್ಲಿ ಅದು ಹಾಗೆ ಹೋದದ್ದನ್ನು ನಾನು ಕಾಣಲಿಲ್ಲ. ಹಿಂದೆ ವೇತನ ಬಿಲ್ಲನ್ನು ಕೈಯಲ್ಲಿ ಬರೆದು ವೇತನ ಪಥಕಕ್ಕೆ, ಎಂದರೆ ಸಂಬಳ ಮಂಜೂರು ಮಾಡುವ ಸರಕಾರಿ ಕಚೇರಿಗೆ, ಒಯ್ಯುತ್ತಿದ್ದೆವು. ಈಗ ಆನ್‌ಲೈನ್‌ನಲ್ಲಿ ತುಂಬಿ, ಅದನ್ನೇ ಪ್ರಿಂಟ್ ತೆಗೆದು, ಸಹಿ-ಮೊಹರು ಹಾಕಿಸಿ ವೇತನ ಪಥಕಕ್ಕೆ ಒಯ್ಯುತ್ತೇವೆ.

ಇಲ್ಲಿ ಕಾನೂನಿನ ಮಾತನ್ನು ಹೇಳಲೇಬೇಕು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಶಾಲೆ ಎನ್ನಿಸಿಕೊಳ್ಳಲು ಏನೇನು ಇರಬೇಕೆಂಬ ಪಟ್ಟಿ ಅದು. ಶಿಕ್ಷಕರ ಕೆಲಸದ ಅವಧಿ ಪೂರ್ವಸಿದ್ಧತೆಯೂ ಸೇರಿ ವಾರಕ್ಕೆ 45 ಗಂಟೆ ಎಂದಿದೆ. ವರ್ಷಕ್ಕೆ ಐದನೆಯ ತರಗತಿವರೆಗೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು ಎಂದಿದೆ. ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯ, ಶುದ್ಧ ಕುಡಿಯುವ ನೀರು, ಗ್ರಂಥಾಲಯ, ಆಟದ ಮೈದಾನ, ಸುತ್ತ ಗೋಡೆ ಅಥವಾ ಬೇಲಿ, ಕಚೇರಿಗೂ ದಾಸ್ತಾನಿಗೂ ಮುಖ್ಯಾಧ್ಯಾಪಕರಿಗೂ ಸೇರಿ ಒಂದು ಕೋಣೆ, ಎಲ್ಲವೂ ಇದೆ. ಆ ಶೌಚಾಲಯವನ್ನು ತೊಳೆಯುವವರು ಯಾರು, ಆ ನೀರನ್ನು ತುಂಬಿಸುವವರು ಯಾರು, ಆ ಕಚೇರಿಯಲ್ಲಿ ಕುಳಿತು ಬರೆಯುವವರು ಯಾರು ಎಂಬುದರ ಬಗ್ಗೆ ಅನುಸೂಚಿಯಲ್ಲಿ ಒಂದು ಅಕ್ಷರವೂ ಇಲ್ಲ. ಕೋಣೆಯ ಉಲ್ಲೇಖವಿದೆ, ಕೋಣೆಯೊಳಗಿನ ಮನುಷ್ಯನ ಉಲ್ಲೇಖವಿಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಶಿಕ್ಷಕರಿಗೆ ಬೋಧನೇತರ ಕೆಲಸ ಕೊಡಬಾರದೆಂದು ಅದೇ ಕಾಯ್ದೆಯ 27ನೆಯ ಕಲಮು ಹೇಳುತ್ತದೆ, ಅದು ನ್ಯಾಯವಾದದ್ದೇ. ಆದರೆ ಗುಮಾಸ್ತನ ಹುದ್ದೆಯೇ ಇಲ್ಲದ ಶಾಲೆಯಲ್ಲಿ ಯುಡೈಸ್ ತುಂಬುವವರು ಶಿಕ್ಷಕರೇ ಎಂಬುದು ಇಲ್ಲಿರುವ ಶಿಕ್ಷಕರೆಲ್ಲರಿಗೂ ತಿಳಿದಿದೆ.

ಮಹಾರಾಷ್ಟ್ರದ ಖಾಸಗಿ ಶಾಲೆಗಳ ನೌಕರರಿಗೆ 1977ರ ಕಾಯ್ದೆ, 1981ರ ನಿಯಮಾವಳಿ ಇವೆ. ಅವುಗಳಲ್ಲಿ ನಮ್ಮ ನೇಮಕ, ರಜೆ, ಶಿಸ್ತುಕ್ರಮ ಎಲ್ಲಕ್ಕೂ ಜಾಗವಿದೆ. ಹುದ್ದೆ ಉಳಿಯುವುದು ಬಿಡುವುದು ಮಾತ್ರ ‘ಸಂಚ ಮಾನ್ಯತೆ’ಯ ಮೇಲೆ ನಿಂತಿದೆ. ಸೆಪ್ಟೆಂಬರ್ 30ರಂದು ಹಾಜರಿಪಟ್ಟಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದನ್ನು ನೋಡಿ ಹುದ್ದೆಗಳನ್ನು ಮಂಜೂರು ಮಾಡುವ ಪದ್ಧತಿ ಇದು. ಈಗೀಗ ತಲೆ ಎಣಿಸಿದರೆ ಸಾಲದು, ಆ ತಲೆಯ ಆಧಾರ್ ಪರಿಶೀಲನೆಯಲ್ಲಿ ಸರಿ ಎಂದು ಬರಬೇಕು. ಇದು ಹೊರಗಿನವರಿಗೆ ಸಣ್ಣ ವಿಷಯವೆನಿಸುತ್ತದೆ. ನಮ್ಮ ಕನ್ನಡ ಶಾಲೆಗಳಲ್ಲಿ ಇದು ಎಂಥ ಹೊರೆಯೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಿಂದೆ ನಮ್ಮಲ್ಲಿಗೆ ಬರುತ್ತಿದ್ದವರು ಕರಾವಳಿಯ ಮಕ್ಕಳು: ಶೆಟ್ಟಿ, ಪೂಜಾರಿ, ಕೋಟ್ಯಾನ್, ಸುವರ್ಣ, ಎಲ್ಲರಿಗೂ ಕೊನೆಯಲ್ಲೊಂದು ಅಡ್ಡಹೆಸರು. ಈಗ ಬರುವವರು ಹೆಚ್ಚಾಗಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಒಬ್ಬ ಹುಡುಗನ ಹೆಸರು ಯಲ್ಲಪ್ಪ, ತಂದೆಯ ಹೆಸರು ಸಾಬಣ್ಣ ಎಂದಿಟ್ಟುಕೊಳ್ಳಿ. ಊರಿನ ಜನನ ಪ್ರಮಾಣಪತ್ರದಲ್ಲಿ ‘ಯಲ್ಲಪ್ಪ ತಂದೆ ಸಾಬಣ್ಣ’ ಎಂದಿದೆ. ಮುಂಬಯಿಯ ಯಾವುದೋ ಕೇಂದ್ರದಲ್ಲಿ ಮಾಡಿಸಿದ ಆಧಾರ್‌ನಲ್ಲಿ ಹೆಸರು ಇಂಗ್ಲಿಷ್‌ನಲ್ಲಿ ಬಂದಿದೆ, ಒಂದು ಎಲ್ ಕಡಿಮೆ. ಇಲ್ಲಿಯ ಅರ್ಜಿಯಲ್ಲಿ ಮೊದಲು ಅಡ್ಡಹೆಸರು, ನಂತರ ಸ್ವಂತ ಹೆಸರು, ನಂತರ ತಂದೆಯ ಹೆಸರು, ಹೀಗೆ ಮೂರು ಖಾನೆಗಳು. ಯಲ್ಲಪ್ಪನಿಗೆ ಅಡ್ಡಹೆಸರೇ ಇಲ್ಲ. ಖಾನೆ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಅವನ ಹಳೆಯ ಶಾಲೆಯವರು ಊರಿನ ಹೆಸರನ್ನು ಅಲ್ಲಿ ತುಂಬಿದ್ದರು, ಅವನ ತಂಗಿಯ ಶಾಲೆಯವರು ಅಜ್ಜನ ಹೆಸರನ್ನು ತುಂಬಿದ್ದರು. ಒಂದೇ ತಾಯಿಯ ಮಕ್ಕಳು ಸರಕಾರದ ದಫ್ತರದಲ್ಲಿ ಎರಡು ಮನೆತನದವರಾದರು. ಇದನ್ನು ಸರಿಪಡಿಸಲು ತಂದೆ ಬರಬೇಕು. ಅವರು ಬೆಳಿಗ್ಗೆ ಏಳಕ್ಕೆ, ಕೂಲಿಗೆ ಜನರನ್ನು ಕರೆದೊಯ್ಯುವ ನಾಕಾದಲ್ಲಿ (ಕೂಡುರಸ್ತೆಯಲ್ಲಿ) ನಿಲ್ಲದಿದ್ದರೆ ಆ ದಿನದ ಕೂಲಿ ಹೋಯಿತು. ಹಾಗಾಗಿ ಅವರನ್ನು ಭಾನುವಾರ ಕರೆದು, ಅಫಿಡವಿಟ್ ಬರೆಸಿ, ಆಧಾರ್ ಕೇಂದ್ರಕ್ಕೆ ನಾನೇ ಜೊತೆಗೆ ಹೋಗುತ್ತಿದ್ದೆ. ಒಂದು ಹೆಸರಿಗೆ ಕೆಲವೊಮ್ಮೆ ನಾಲ್ಕು ಸುತ್ತು. ಹನ್ನೊಂದು ಮಕ್ಕಳ ಮುಂದೆ ‘ಮಿಸ್‌ಮ್ಯಾಚ್’ ಎಂದು ತೋರಿಸುತ್ತಿದ್ದ ಒಂದು ವರ್ಷ, ಆ ಹನ್ನೊಂದು ಮಕ್ಕಳು ನಿತ್ಯ ಪ್ರಾರ್ಥನೆಗೆ ನಿಲ್ಲುತ್ತಿದ್ದರು, ಆದರೆ ಲೆಕ್ಕದಲ್ಲಿರಲಿಲ್ಲ.

ಇದರ ಜೊತೆಗೆ ಭಾಷೆ. ಶಿಕ್ಷಣ ವಿಭಾಗದಿಂದ ಬರುವ ಸುತ್ತೋಲೆಗಳು ಮರಾಠಿಯಲ್ಲಿ ಬರುತ್ತವೆ, ಅದು ಸಹಜ, ರಾಜ್ಯದ ಆಡಳಿತ ಭಾಷೆ ಅದೇ. ಕರ್ನಾಟಕದಲ್ಲಿ ಓದಿ ಬಂದ ನಮ್ಮ ಶಿಕ್ಷಕರಲ್ಲಿ ಕೆಲವರಿಗೆ ಆಡಳಿತದ ಮರಾಠಿ ಕಷ್ಟ. ಪಾಲಕರಿಗೆ ಇನ್ನೂ ಕಷ್ಟ. ಪ್ರತಿ ಸುತ್ತೋಲೆಯನ್ನು ಓದಿ, ಸ್ಟಾಫ್‌ರೂಮಿಗೆ ಕನ್ನಡದಲ್ಲಿ ಸಾರಾಂಶ ಬರೆದು, ಉತ್ತರವನ್ನು ಮರಾಠಿಯಲ್ಲಿ ಬರೆಯುವುದು ಗುಮಾಸ್ತನ ಕೆಲಸ. ಇದು ಯಾವ ಕರ್ತವ್ಯಸೂಚಿಯಲ್ಲೂ ಇಲ್ಲ. ಒಂದು ತಮಾಷೆ ಹೇಳುತ್ತೇನೆ: ನಮ್ಮ ಕಚೇರಿಯಲ್ಲಿ ಜಿ.ಆರ್. ಎಂಬ ಶಬ್ದಕ್ಕೆ ಎರಡು ಅರ್ಥ. ಒಂದು ಗವರ್ನಮೆಂಟ್ ರೆಸಲ್ಯೂಶನ್, ಎಂದರೆ ಸರಕಾರದ ಆದೇಶ, ಇನ್ನೊಂದು ಜನರಲ್ ರಿಜಿಸ್ಟರ್. ಮೊದಲನೆಯದು ಬರುವುದು ನಿಲ್ಲುವುದಿಲ್ಲ, ಎರಡನೆಯದನ್ನು ಎಂದಿಗೂ ನಾಶಮಾಡುವಂತಿಲ್ಲ. ಇವೆರಡರ ನಡುವೆ ಗುಮಾಸ್ತನ ಆಯುಷ್ಯ ಕಳೆಯುತ್ತದೆ.

ಅಂಥ ಒಂದು ಜಿ.ಆರ್. 2020ರ ಡಿಸೆಂಬರ್ 11ರಂದು ಬಂತು. ಅನುದಾನಿತ ಮಾಧ್ಯಮಿಕ ಶಾಲೆಗಳಲ್ಲಿ ಸಿಪಾಯಿ, ಪಹರೆಯವ, ಪ್ರಯೋಗಶಾಲೆಯ ಪರಿಚಾರಕ ಮೊದಲಾದ ನಾಲ್ಕನೆಯ ದರ್ಜೆಯ ಹುದ್ದೆಗಳು, ಈಗಿರುವವರು ನಿವೃತ್ತರಾದಂತೆ ರದ್ದಾಗುತ್ತವೆ. ಅವುಗಳ ಜಾಗದಲ್ಲಿ ಶಾಲೆಗೆ ‘ಸಿಪಾಯಿ ಭತ್ಯೆ’ ಸಿಗುತ್ತದೆ. ಮುಂಬಯಿ, ಪುಣೆಗಳಲ್ಲಿ ತಿಂಗಳಿಗೆ 10,000 ರೂಪಾಯಿ, ಗ್ರಾಮೀಣ ಭಾಗದಲ್ಲಿ 5,000. ಮುಂಬಯಿಯಲ್ಲಿ ಹತ್ತು ಸಾವಿರಕ್ಕೆ ಯಾರು ಬರುತ್ತಾರೆ, ತಾವೇ ಯೋಚಿಸಿ. ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನಿಗೆ ಊಟ-ವಸತಿಯಾದರೂ ಇರುತ್ತದೆ. ಈ ಭತ್ಯೆಯ ಮೇಲೆ ಬಂದವರಲ್ಲಿ ಯಾರೂ ನಮ್ಮಲ್ಲಿ ಏಳೆಂಟು ತಿಂಗಳಿಗಿಂತ ಹೆಚ್ಚು ನಿಲ್ಲಲಿಲ್ಲ. ತಪ್ಪು ಅವರದೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಶಾಲೆಯ ಮಟ್ಟಿಗೆ ಅದರ ಪರಿಣಾಮವೇನು? ಯಾವ ಕೀಲಿ ಯಾವ ಬೀಗದ್ದು, ಯಾವ ಸ್ವಿಚ್ಚು ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಯಾವ ಮಗುವನ್ನು ಸಂಜೆ ಅಜ್ಜಿಗಲ್ಲದೆ ಬೇರೆ ಯಾರಿಗೂ ಕಳಿಸಬಾರದು ಎಂಬುದನ್ನು ಒಬ್ಬರು ಕಲಿಯುವಷ್ಟರಲ್ಲಿ ಹೊಸಬರು ಬಂದಿರುತ್ತಾರೆ.

ಈ ಕೊನೆಯ ಮಾತು ಸಣ್ಣದಲ್ಲ. 2024ರ ಆಗಸ್ಟ್‌ನಲ್ಲಿ ಬದಲಾಪುರದ ಶಾಲೆಯೊಂದರಲ್ಲಿ ಸಫಾಯಿ ನೌಕರನೊಬ್ಬ ಇಬ್ಬರು ಪುಟ್ಟ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದನೆಂಬ ಪ್ರಕರಣ ತಮಗೆಲ್ಲ ನೆನಪಿದೆ. ಅದರ ನಂತರ ಶಾಲೆಗಳಲ್ಲಿ ಸಿಸಿಟಿವಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ದೂರು ಪೆಟ್ಟಿಗೆ ಎಲ್ಲವನ್ನೂ ಕಡ್ಡಾಯಗೊಳಿಸಿದರು. ಆ ಆದೇಶಗಳಿಗೆ ನನ್ನ ತಕರಾರಿಲ್ಲ, ಅವು ಬರಬೇಕಾದವೇ. ನನ್ನ ಪ್ರಶ್ನೆ ಇಷ್ಟೇ: ಹತ್ತಿಪ್ಪತ್ತು ವರ್ಷ ಎಲ್ಲರ ಕಣ್ಣೆದುರು ಕೆಲಸ ಮಾಡಿದ ಕಾಯಂ ನೌಕರರ ಹುದ್ದೆಗಳನ್ನು ಒಂದು ಆದೇಶ ರದ್ದುಮಾಡುತ್ತದೆ, ಮಕ್ಕಳ ಹತ್ತಿರ ಸುಳಿಯುವ ಪ್ರತಿಯೊಬ್ಬರ ಪೂರ್ವಾಪರ ತಿಳಿದಿರಬೇಕು ಎಂದು ಇನ್ನೊಂದು ಆದೇಶ ಹೇಳುತ್ತದೆ. ಇವೆರಡನ್ನೂ ಒಂದೇ ಫೈಲಿಗೆ ಹಾಕಿ ಓದಿದವರು ಯಾರಾದರೂ ಇದ್ದಾರೆಯೇ?

ಊಟದ ವಿಷಯ ಸಂಕ್ಷೇಪವಾಗಿ. ಮಧ್ಯಾಹ್ನದ ಬಿಸಿಯೂಟದ ಯೋಜನೆಯಲ್ಲಿ ಅಡುಗೆಯವರಿಗೆ ಸಂಖ್ಯಾಮಾನವಿದೆ: 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಮತ್ತೊಬ್ಬರು. ಕೇಂದ್ರವು 2009ರಲ್ಲಿ ಗೊತ್ತುಪಡಿಸಿದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ನಮ್ಮ ಶಾಲೆಗೆ ಊಟ ಹೊರಗಿನ ಅಡುಗೆಮನೆಯಿಂದ ಡಬ್ಬಗಳಲ್ಲಿ ಬರುತ್ತಿತ್ತು. ಅಡುಗೆ ಇಲ್ಲವಾದ್ದರಿಂದ ಅಡುಗೆಯವರೂ ಇಲ್ಲ. ಹಾಗಾದರೆ ಬಡಿಸುವವರು, ಕೈ ತೊಳೆಸುವವರು, ನೆಲ ಒರೆಸುವವರು ಯಾರು? ಮತ್ತೆ ಅದೇ ಮಾವ್ಶಿ, ಶೌಚಾಲಯ ತೊಳೆದು ಬಂದ ಅದೇ ಎರಡು ಕೈಗಳು. ಆಕೆ ಎರಡು ಸೀರೆ ಇಟ್ಟುಕೊಂಡಿದ್ದಳು. ಹನ್ನೊಂದೂವರೆಗೆ ಸೀರೆ ಬದಲಿಸಿ, ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು ಸೌಟು ಹಿಡಿಯುತ್ತಿದ್ದಳು. ಸೋಪು ಅವಳದೇ.

ಮಾವ್ಶಿಯ ಬಗ್ಗೆ ಇನ್ನೂ ಒಂದು ವಿಷಯ ನನಗೆ ಬಹಳ ತಡವಾಗಿ ತಿಳಿಯಿತು. ಹುಡುಗಿಯರ ಶೌಚಾಲಯದ ಪಕ್ಕ ಪೊರಕೆ, ಫಿನೈಲ್ ಇಡುವ ಒಂದು ಗೂಡು ಇತ್ತು. ವಾರ್ಷಿಕ ದಾಸ್ತಾನು ಪರಿಶೀಲನೆಯ ದಿನ ಅದನ್ನು ತೆರೆಸಿದೆ. ಮೇಲಿನ ಹಲಗೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸ್ಯಾನಿಟರಿ ಪ್ಯಾಡಿನ ಎರಡು ಪೊಟ್ಟಣ, ಒಗೆದು ಮಡಚಿಟ್ಟ ಒಂದು ಯೂನಿಫಾರ್ಮಿನ ಪಾಯಜಾಮ, ಒಂದು ಡಬ್ಬ ಪಾರ್ಲೆ ಬಿಸ್ಕತ್ತು. ‘ಇದು ಡೆಡ್‌ಸ್ಟಾಕಿನಲ್ಲಿಲ್ಲವಲ್ಲ’ ಎಂದು ನಾನು ಕೇಳಿದೆ, ಗುಮಾಸ್ತ ನೋಡಿ. ಆಕೆ ನಕ್ಕು, ‘ಅದು ನಂದು ಸಾಹೇಬರೇ, ಬರೀಬೇಡ್ರಿ’ ಎಂದಳು. ನಾನು ಬರೆಯಲಿಲ್ಲ. ಬರೆಯಬೇಕಿತ್ತೆಂದು ಈಗ ಅನಿಸುತ್ತದೆ. ಎರಡನೆಯ ಗುಮಾಸ್ತರು ನಿವೃತ್ತರಾಗಿ ಅವರ ಮೇಜಿನ ಕೆಲಸವೆಲ್ಲ ನನ್ನ ಮೇಜಿಗೆ ಬಂದಾಗಲೂ ನಾನು ಬರೆಯಲಿಲ್ಲ. ಒಬ್ಬನೇ ನಿಭಾಯಿಸುತ್ತೇನೆಂಬ ಒಣ ಹೆಮ್ಮೆ ಇತ್ತು, ಮುಖ್ಯಾಧ್ಯಾಪಕರು ಸಭೆಗಳಲ್ಲಿ ಹೊಗಳುತ್ತಿದ್ದರು. ಆ ಹೊಗಳಿಕೆ ಸಾಲಾಗಿ ನಾಲ್ಕು ವರ್ಷದ ಪ್ರಸ್ತಾವದಲ್ಲಿ ‘ಕೆಲಸ ಸುರಳೀತ ನಡೆದಿದೆ’ ಎಂಬ ವಾಕ್ಯವಾಯಿತು. ಸುರಳೀತ ನಡೆದಿರುವ ಶಾಲೆಗೆ ಯಾರು ಇನ್ನೊಬ್ಬ ಗುಮಾಸ್ತನನ್ನು ಕೊಡುತ್ತಾರೆ? ಕಾಗದದ ಮೇಲೆ ಬಾರದ ಕೆಲಸ ಕೆಲಸವೇ ಅಲ್ಲವೆಂದು ಇಡೀ ಜೀವಮಾನ ಇತರರಿಗೆ ಹೇಳಿದವನು ನಾನೇ.

ಮಸ್ಟರ್ ಕೂಡ ಹಾಗೆಯೇ. 2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ ದಿನ. ಆಗ ನಮ್ಮಲ್ಲಿ ಮಧ್ಯಾಹ್ನದ ಪಾಳಿಯೂ ಇತ್ತು. ಸಂಜೆಗೆ ಲೋಕಲ್ ನಿಂತಿತು, ಫೋನು ಸತ್ತಿತು, ಅಂಗಳದಲ್ಲಿ ಸೊಂಟದವರೆಗೆ ನೀರು. ನಲವತ್ತಕ್ಕೂ ಹೆಚ್ಚು ಮಕ್ಕಳು ಮೊದಲನೆಯ ಮಹಡಿಯಲ್ಲಿ ಉಳಿದರು. ಶಿಕ್ಷಕಿಯರು ಅವರನ್ನು ಹಾಡು-ಕತೆಗಳಲ್ಲಿ ಹಿಡಿದಿಟ್ಟರು. ಇಬ್ಬರು ಸಿಪಾಯಿಗಳು ಹಗ್ಗ ಹಿಡಿದು ನೀರಿನಲ್ಲಿ ನಡೆದು, ಮೂಲೆಯ ಹೋಟೆಲಿನಿಂದ ಎರಡು ಬಕೆಟ್ ಉಪ್ಪಿಟ್ಟನ್ನು ತಲೆಯ ಮೇಲೆ ಹೊತ್ತು ತಂದರು. ರಾತ್ರಿ ನೆಲಮಹಡಿಯ ಕಚೇರಿಗೆ ನೀರು ನುಗ್ಗುತ್ತಿದೆಯೆಂದು ತಿಳಿದಾಗ ಜನರಲ್ ರಿಜಿಸ್ಟರಿನ ಸಂಪುಟಗಳನ್ನು ಆ ಇಬ್ಬರೂ ನಾನೂ ಸೇರಿ ಮೇಲಕ್ಕೆ ಸಾಗಿಸಿದೆವು. ಕೊನೆಯ ಮಗುವನ್ನು ತಂದೆಯ ಕೈಗೊಪ್ಪಿಸಿದಾಗ ಮರುದಿನ ಮಧ್ಯಾಹ್ನ ಒಂದು ಗಂಟೆ. ಆ ತಿಂಗಳ ಮಸ್ಟರ್ ಈಗಲೂ ಇದೆ. 26ನೆಯ ತಾರೀಖಿನ ಖಾನೆಯಲ್ಲಿ ಆ ಇಬ್ಬರ ಒಂದೊಂದು ಸಹಿ ಇದೆ, ಉಳಿದ ದಿನಗಳಲ್ಲಿದ್ದಂತೆಯೇ. ಅದಕ್ಕಿಂತ ಹೆಚ್ಚು ಬರೆಯಲು ಖಾನೆಯಲ್ಲಿ ಜಾಗವಿಲ್ಲ.

ಅಂದು ಹೊತ್ತು ಸಾಗಿಸಿದ ಸಂಪುಟಗಳ ಮಾತಿಗೇ ಬರುತ್ತೇನೆ, ಏಕೆಂದರೆ ಈಗ ನನ್ನ ಚಿಂತೆ ಅದೇ. ನಮ್ಮ ಸಂಸ್ಥೆಗೆ ಹಿಂದೆ ರಾತ್ರಿ ಶಾಲೆಯೂ ಇತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ ಹುಡುಗರ ಶಾಲೆ. ಹಿಂದಿನ ಚಳಿಗಾಲದಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರು ಜನ್ಮದಿನಾಂಕದ ದಾಖಲೆ ಬೇಕೆಂದು ಬಂದರು. ಅರವತ್ತರ ದಶಕದಲ್ಲಿ ಎರಡು ವರ್ಷ ಓದಿದ್ದರಂತೆ, ವರ್ಷ ಸರಿಯಾಗಿ ನೆನಪಿಲ್ಲ. ಈಗಿರುವ ಗುಮಾಸ್ತರು ಎರಡು ಶಾಲೆಗಳಿಗೆ ಸೇರಿ ಒಬ್ಬರು, ವಾರದಲ್ಲಿ ಮೂರು ದಿನ ಮಾತ್ರ ಇಲ್ಲಿರುತ್ತಾರೆ. ಒಳ್ಳೆಯ ಹುಡುಗ, ಆದರೆ ಕನ್ನಡ ಓದಲು ಬರುವುದಿಲ್ಲ. ಹಳೆಯ ಸಂಪುಟಗಳೆಲ್ಲ ಕನ್ನಡದಲ್ಲಿ, ಅದೂ ಮಸಿ ಪೆನ್ನಿನ ಕೂಡಕ್ಷರದಲ್ಲಿ. ಅವರು ನನಗೆ ಫೋನು ಮಾಡಿದರು. ಎರಡು ಶನಿವಾರ ಹುಡುಕಿದೆ. ಮೂರನೆಯ ಸಂಪುಟದಲ್ಲಿ ಹೆಸರು ಸಿಕ್ಕಿತು. ಹುಟ್ಟಿದ ದಿನಾಂಕದ ಕಾಲಮಿನ ಅಂಚಿನವರೆಗೆ ಗೆದ್ದಲು ಬಂದಿತ್ತು, ಅಂಕೆಗಳು ಉಳಿದಿದ್ದವು. ಶಾಲೆ ಬಿಡಲು ಕಾರಣ ಎಂಬ ಕಾಲಮಿನಲ್ಲಿ ‘ಊರಿಗೆ ಹೋದ’ ಎಂದಿತ್ತು. ಹಿರಿಯರು ಅದರ ಮೇಲೆ ಬೆರಳಿಟ್ಟು, ‘ಹೋಗಲಿಲ್ಲ ಮಾರಾಯ್ರೆ, ಆ ಹೋಟೆಲು ಬಿಟ್ಟು ಬೇರೆ ಹೋಟೆಲು ಸೇರಿದ್ದು’ ಎಂದರು.

ಇಲ್ಲಿ ಸಂಸ್ಥೆಯ ಪದಾಧಿಕಾರಿಗಳಿದ್ದೀರಿ, ಹಳೆಯ ವಿದ್ಯಾರ್ಥಿಗಳಿದ್ದೀರಿ. ಈ ವರ್ಷ ಶಾಲೆಗೆ ಎರಡು ಸ್ಮಾರ್ಟ್ ಬೋರ್ಡ್ ಕೊಡುವ ವಿಚಾರ ನಡೆದಿದೆಯೆಂದು ಕೇಳಿದೆ. ದಾನವನ್ನು ಅಲ್ಲಗಳೆಯುವಷ್ಟು ಮೂರ್ಖನಲ್ಲ ನಾನು, ಆದರೂ ಕೇಳುತ್ತೇನೆ: ಒಂದೇ ಬೋರ್ಡ್ ಕೊಟ್ಟು ಇನ್ನೊಂದರ ಹಣವನ್ನು ಸಿಪಾಯಿಯ ಭತ್ಯೆಗೆ ಸೇರಿಸಲು ಸಾಧ್ಯವೇ? ಸಿಪಾಯಿ ಇಲ್ಲದಿದ್ದರೆ ಬೋರ್ಡಿರುವ ಕೋಣೆಯ ಬೀಗ ತೆಗೆಯುವವರೂ ಇರುವುದಿಲ್ಲ. ಮಾವ್ಶಿಯ ಗೂಡಿಗೆ ತಿಂಗಳಿಗೊಂದಿಷ್ಟು ಹಣವನ್ನು ಬಜೆಟ್ಟಿನಲ್ಲಿ, ಅವಳ ಗೂಡು ಎಂದೇ ತಲೆಬರಹ ಕೊಟ್ಟು ಬರೆಯಿರಿ. ರಿಜಿಸ್ಟರುಗಳಿಗೆ ಒಂದು ಕಬ್ಬಿಣದ ಕಪಾಟು ಬೇಕು.

ಹಣ ಕೊಡಲಾಗದವರಿಗೂ ಕೆಲಸವಿದೆ. ಸೆಪ್ಟೆಂಬರ್ 30ರೊಳಗೆ ಈ ಸಲವೂ ಹದಿನೈದಿಪ್ಪತ್ತು ಹೆಸರುಗಳನ್ನು ಸರಿಪಡಿಸಬೇಕಾಗುತ್ತದೆ, ಹಳೆಯ ಸಂಪುಟಗಳ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಸೂಚಿ ಮಾಡಬೇಕಾಗಿದೆ. ಕನ್ನಡ ಓದಲು, ಮರಾಠಿಯಲ್ಲಿ ಅರ್ಜಿ ತುಂಬಲು ಬರುವ ನಾಲ್ಕೈದು ಜನ ಸಾಕು. ಶನಿವಾರ ಬೆಳಿಗ್ಗೆ ಎಂಟರಿಂದ ಹನ್ನೊಂದು. ಗೇಟಿನ ಒಂದು ಕೀಲಿ ಈಗಲೂ ನನ್ನ ಬಳಿ ಇದೆ, ನಾನು ಏಳೂವರೆಗೆ ಬಂದಿರುತ್ತೇನೆ.